ಬೊಟ್ಟು

ಲಿವರ್‌ಪೂಲ್, ನವೆಂಬರ್. ಮೂರನೇ ಮಹಡಿ.
ಕಿಟಕಿಯಾಚೆ ಮರ್ಸಿ ಹೊಳೆ, ಆರಿದ ಚಹಾದ ಬಣ್ಣ.
ಗಾಜಿಗೆ ಕೊಕ್ಕು ತಾಗಿಸಿ ಕಡಲಹಕ್ಕಿಯೊಂದು
ನಮ್ಮ ಬಿಸ್ಕತ್ತಿನ ಮೇಲೇ ಕಣ್ಣಿಟ್ಟಿದೆ.

ಗೋಡೆಗೆ ಮೂವತ್ತೊಂದು ಹಾಳೆ,
ನೇಪಾಳದ ಮೂವತ್ತೊಂದು ನೋವು,
ಒಂದೊಂದೂ ಪ್ರಶ್ನೆಯ ವೇಷ ತೊಟ್ಟು ನಿಂತಿದೆ
ಗಂಡಿನ ಕಡೆಯವರ ಮುಂದೆ ನಿಂತ ಹುಡುಗಿಯ ಹಾಗೆ.
ತಲೆಗೆ ಐದು ಕೆಂಪು ಚುಕ್ಕಿ. ಯಾವುದರ ಸಂಶೋಧನೆ ಮೊದಲೋ
ಅದಕ್ಕೆ ಅಂಟಿಸಬೇಕು.
ಹಣ ಏಳಕ್ಕೆ ಮಾತ್ರ.
ನನಗೆ ಚುಕ್ಕಿಯಿಲ್ಲ. ನಾನು ಎಣಿಸುವವಳು.

ಸಕ್ಕರೆ ಕಾಯಿಲೆಗೆ ಹತ್ತೊಂಬತ್ತು.
ಒಲೆಯ ಹೊಗೆಗೆ ಹದಿನಾಲ್ಕು.
ಮೊಬೈಲಿನಲ್ಲೇ ರೋಗ ಹಿಡಿಯುವ ಆ್ಯಪಿಗೆ, ನಂಬಿ, ಇಪ್ಪತ್ತೆರಡು.
ಹಾವಿಗೆ ಮೂರು.

ಫೂಲ್‌ಮತಿ ಥಾರು ಕೊನೆಗೆ ಎದ್ದಳು.
ಬರ್ದಿಯಾದ ಕಡೆಯ ಆರೋಗ್ಯ ಕೇಂದ್ರದ ನರ್ಸಮ್ಮ,
ಯಾರದೋ ಕೋಟು, ಮೊಣಕಾಲಿನ ತನಕ.
ಹಾಳೆಗಳನ್ನೆಲ್ಲ ದಾಟಿ ಹೋಗಿ
ಲೈಟಿನ ಸ್ವಿಚ್ಚಿನ ಪಕ್ಕ, ಬರೀ ಗೋಡೆಗೆ
ಒಂದೇ ಚುಕ್ಕಿ ಒತ್ತಿದಳು.

“ಹೆತ್ತು ಹನ್ನೆರಡನೇ ದಿನಕ್ಕೆ ಹುಲ್ಲಿನ ಹೊರೆ ಹೊರುತ್ತಾಳೆ.
ಗರ್ಭಕೋಶ ಜಾರುತ್ತದೆ. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗೆ
ಅದನ್ನು ಇಟ್ಟುಕೊಂಡೇ ನಾಟಿಗೆ ಹೋಗುತ್ತಾಳೆ.
ಏನಾಗಿದೆ ಅಂದರೆ, ಏನೂ ಇಲ್ಲ ಅನ್ನುತ್ತಾಳೆ.
ಹದಿನೇಳು ವರ್ಷ, ಏನೂ ಇಲ್ಲ.
ಆ ಏನೂ ಇಲ್ಲ ಎಲ್ಲಿಂದ ಬರುತ್ತದೆ?
ನನ್ನದು ಅದೊಂದೇ ಪ್ರಶ್ನೆ.”

ದುಭಾಷಿ ಒಮ್ಮೆ ತಡವರಿಸಿದ.
ಅದನ್ನವನು ಇಂಗ್ಲಿಷಿಗೆ ತಿರುಗಿಸಿದಾಗ
ನಿಜಕ್ಕೂ ಏನೂ ಉಳಿಯಲಿಲ್ಲ.

ಅಧ್ಯಕ್ಷರು ಸಭ್ಯರು, ತಲೆದೂಗಿದರು.
ಹಾಳೆಯಾಚೆಯ ಚುಕ್ಕಿ ಲೆಕ್ಕಕ್ಕಿಲ್ಲ, ನಿಯಮ ನಿಯಮವೇ.
ನಮ್ಮ ಕಡೆ ಚುನಾವಣೆಯಲ್ಲಿ ಇದಕ್ಕೆ
ಕುಲಗೆಟ್ಟ ಮತ ಅನ್ನುತ್ತಾರೆ. ಬರೆದುಕೊಂಡೆ: ಒಂದು.

ಬರೆಯುವಾಗ ನರೇಗಲ್ಲಿನ ನಿಂಬೆವ್ವ ಅತ್ತೆ.
ಬಚ್ಚಲ ಗೋಡೆ ಹಿಡಿದು, ಹಲ್ಲು ಕಚ್ಚಿ ನಿಂತಿದ್ದಳು.
ಯಾಕತ್ತಿ, ಏನಾತು? ಅಂದಿದ್ದೆ.
ಏನಿಲ್ಲ ಬಿಡು, ಅಂದಳು.
ಬಿಟ್ಟೆ.

ಸಂಜೆ ಹಾಳೆಗಳ ಸುರುಳಿ ಸುತ್ತಿ, ಬಿಸ್ಕತ್ತಿನ ಪುಡಿ ಒರೆಸಿ,
ಗೋಡೆಯ ಚುಕ್ಕಿಯನ್ನು ಉಗುರಿನಿಂದ ಎಬ್ಬಿಸಿದರೆ
ಸುಣ್ಣದ ಸಣ್ಣ ಚಕ್ಕೆಯ ಸಮೇತ ಎದ್ದು
ತೋರುಬೆರಳಿಗೆ ಅಂಟಿತು. ಕೊಡವಿದರೂ ಹೋಗಲಿಲ್ಲ.
ಹಣೆಯದೂ ಬೊಟ್ಟೇ ನಮಗೆ, ಬೆರಳೂ ಬೊಟ್ಟೇ.

ಹೊಳೆಯಡಿಯ ರೈಲಿನಲ್ಲಿ, ಕಿವಿ ಗುಂಯ್ಯೆನ್ನುತ್ತಿರುವಾಗ,
ಎದುರು ಕೂತ ಬಿಳಿಮುದುಕಿ ಚೀಲ ಸರಿಸಿ ಬಾಗಿದಳು:
ಏನಾಯಿತಮ್ಮ, ಹುಷಾರಿಲ್ಲವಾ?

ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು ಅದು.