ಆರು ಅಂಕಿ

ಗುದೈಬಿಯಾದ ಕೋಲ್ಡ್ ಸ್ಟೋರಿನ ಮೇಲಿನ ಕೋಣೆ.
ನಾವು ಏಳು ಜನ, ಮಂಚ ಆರು.
ರಾತ್ರಿ ಪಾಳಿಯ ಕಿಟ್ಟ ಎದ್ದುಹೋದ ಬಿಸಿಗೆ
ಹಗಲಿನ ಮಾರ್ಸೆಲ್ ಬಂದು ಬೀಳುತ್ತಾನೆ.

ಇಂಗ್ಲಿಷ್ ಓದಲು ಬರುವುದು ನನಗೊಬ್ಬನಿಗೆ,
ಅದೂ ಪಿಯುಸಿ ಫೇಲಾಗುವಷ್ಟು.
ಅಷ್ಟು ಸಾಕಾಯಿತು, ಎಲ್ಲರ ಫೋನೂ ನನ್ನ ಕೈಗೆ.
ಭೋಜಣ್ಣ, ಊರಿಗೆ ನಲ್ವತ್ತು ದಿನಾರ್ ದೂಡು.
ಭೋಜಣ್ಣ, ಇದೇನು ಕೆಂಪಕ್ಷರ ನೋಡು.

ಹಾಗಾಗಿ ಆರೂ ಜನರ ಪಿನ್ನು ನನಗೆ ಬಾಯಿಪಾಠ.
ಮಾರ್ಸೆಲನದು ಮಗಳು ಹುಟ್ಟಿದ ವರ್ಷ.
ಇಸುಬಣ್ಣನದು ಮಾರಿಬಿಟ್ಟ ದೋಣಿಯ ನಂಬರು.
ಕಿಟ್ಟನದು ಒಂದು ಎರಡು ಮೂರು ನಾಲ್ಕು,
ಬೈದರೆ ಬದಲಿಸುತ್ತಾನೆ, ಎರಡು ದಿನಕ್ಕೆ ಮತ್ತೆ ಅದೇ.
ಸಿಂದಗಿಯ ಮೌಲಾಲಿಯದು ಏನೆಂದು ನಾನು ಕೇಳಲಿಲ್ಲ,
ಒತ್ತುವಾಗ ಅವನು ತುಟಿ ಅಲ್ಲಾಡಿಸುತ್ತಿದ್ದ.

ಅವನ ಮಾತಿಗೆ ನಾವು ಕರಾವಳಿಯವರು ನಗುತ್ತಿದ್ದೆವು.
"ಹೌದ್ರಿ" ಅಂದರೆ ನಗು, "ಯಾಕ್ರಿ" ಅಂದರೆ ನಗು.
ಕೆಟ್ಟ ನಗುವಲ್ಲ ಮಾರಾಯ್ರೇ,
ಆದರೆ ಅವನು ಮಾತು ಕಡಿಮೆ ಮಾಡಿದ್ದ.

ಆ ಶುಕ್ರವಾರ ಬಟ್ಟೆ ಹಿಂಡುತ್ತಿದ್ದಾಗ ಅವನ ಫೋನು ಹೊಡೆದುಕೊಂಡಿತು.
ಪರದೆಯಲ್ಲಿ ಬ್ಯಾಂಕಿನ ಚಿಹ್ನೆ.
ನಿಮ್ಮ ಸಿಪಿಆರ್ ಅವಧಿ ಮುಗಿದಿದೆ, ಖಾತೆ ಬಂದ್ ಆಗ್ತದ,
ಮೊದಲು ಹಿಂದಿ, ಆಮೇಲೆ ಹೆಸರು ಕೇಳಿ, ಊರು ಕೇಳಿ,
"ಸಿಂದಗೀನ? ಅಯ್ಯ, ನಂದು ಇಂಡಿ ರೀ!
ಊಟಾ ಆತೇನ್ರಿ?"

ಎರಡು ವರ್ಷದಿಂದ ಆ ನುಡಿಯಲ್ಲಿ
ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ.
ಸೋಪಿನ ಕೈ ಲುಂಗಿಗೆ ಒರೆಸಿಕೊಂಡ.
ಜೋಳದ ರೊಟ್ಟಿ ಸಿಗಲ್ಲ ಇಲ್ಲಿ ಅಂದ,
ಮಳಿ ಆಗೇತೇನ್ರಿ ಅಂದ,
ನಡುವೆ ಎಲ್ಲೋ
ಮೆಸೇಜಿನಲ್ಲಿ ಬಂದ ಆರು ಅಂಕಿಯನ್ನೂ ಅಂದ,
ಒಂದೊಂದೇ, ತಪ್ಪಿಲ್ಲದೆ, ಶಾಲೆಯಲ್ಲಿ ಮಗ್ಗಿ ಹೇಳಿದ ಹಾಗೆ.

ನೂರ ಎಂಬತ್ತಮೂರು ದಿನಾರ್, ಆರುನೂರು ಫಿಲ್ಸ್.
ಫಿಲ್ಸನ್ನೂ ಬಿಡಲಿಲ್ಲ ಇಂಡಿಯವನು.

ಕಾರ್ಡ್ ನಿಲ್ಲಿಸಲು ನಾನು ಬ್ಯಾಂಕಿಗೆ ಹಚ್ಚಿದೆ,
ಇಪ್ಪತ್ತು ನಿಮಿಷ ಪಿಟೀಲು ಕೇಳಿದೆವು.
ಠಾಣೆಯಲ್ಲಿ ಬರೆಸಿ ಬಂದೆವು, ನಡೆದೇ, ಬಿಸಿಲಲ್ಲಿ.
ಮೆಟ್ಟಿಲು ಹತ್ತುವಾಗ ನನಗೆ ತಡೆಯಲಾಗಲಿಲ್ಲ:
ಎಷ್ಟು ಸಲ ಹೇಳಿದ್ದೆ ನಿಂಗೆ?
ಆ ಅಂಕಿ ಯಾರಿಗೂ ಹೇಳಬಾರದು ಅಂತ ಹೇಳಿದ್ದೆನಾ ಇಲ್ಲವಾ?

ಅವನು ಮೂರನೇ ಮೆಟ್ಟಿಲಲ್ಲಿ ನಿಂತ.
"ನಿಮಗ ಹೇಳ್ತಿದ್ನಲ್ರಿ, ಅಣ್ಣಾ.
ಯಾರಿಗೂ ಅಂದ್ರ ನಿಮಗೂ ಅಂತ
ನೀವು ಯಾವಾಗ ಹೇಳಿದ್ರಿ?"

ಆ ರಾತ್ರಿ ನನ್ನ ತಲೆಯೊಳಗೆ
ದೋಣಿ ಬಂತು, ಮಗಳು ಬಂದಳು, ಒಂದು ಎರಡು ಮೂರು ನಾಲ್ಕು.
ಬೇರೆಯವರ ಬೀಗದ ಕೈಗಳ ಮೇಲೆ ಮಲಗಿದ್ದೆ,
ಮಗ್ಗುಲು ಬದಲಿಸಿದರೆ ಸದ್ದಾಗುವ ಹಾಗೆ.

ಮರುದಿನದಿಂದ ಕೋಣೆಯಲ್ಲಿ ಹೊಸ ಪದ್ಧತಿ.
ಯಾವ ಗುಂಡಿ ಏನೆಂದು ತೋರಿಸುತ್ತೇನೆ, ಮುಟ್ಟುವುದಿಲ್ಲ.
ದುಡ್ಡು ಬರಲು ಪಿನ್ ಬೇಡ ಮಾರಾಯಾ, ಹೋಗಲು ಬೇಕು,
ಇದೊಂದನ್ನು ಕಿಟ್ಟನಿಗೆ ಹನ್ನೊಂದು ಸಲ ಹೇಳಿದ್ದೇನೆ.
ಅವರು ಒತ್ತುವಾಗ ನಾನು ಗೋಡೆಗೆ ಮುಖ ಮಾಡುತ್ತೇನೆ.
ಏಸಿ ತೊಟ್ಟಿಕ್ಕುವ ಬಾಟಲಿ, ಹೋದ ವರ್ಷದ ಕ್ಯಾಲೆಂಡರು.
ಬೆನ್ನ ಹಿಂದೆ ಟಿಕ್ ಟಿಕ್ ಟಿಕ್ ಟಿಕ್.
ಇಸುಬಣ್ಣನಿಗೆ ಮೊದಮೊದಲು ಬೇಜಾರಾಯಿತು,
ನಿನ್ನನ್ನೂ ನಂಬಬಾರದಾ ಅಂತ.
ನಂಬು, ಅಂದೆ. ಹೇಳಬೇಡ.

ನಿನ್ನೆ ಸಂಜೆ ಮತ್ತೆ ಬಂತು ಕರೆ, ನಂಬರು ಬೇರೆ.
ಮೌಲಾಲಿ ಸ್ಪೀಕರಿಗೆ ಹಾಕಿ ಹಾಸಿಗೆಯ ಮೇಲಿಟ್ಟ.
"ಅಣ್ಣಾರ, ಊಟಾ ಆತೇನ್ರಿ?"
ಕೋಣೆಯಲ್ಲಿ ಯಾರೂ ನಗಲಿಲ್ಲ.

"ಆತ್ರಿ" ಅಂದ,
ಕಟ್ ಮಾಡಿದ.

ಅನ್ನ ಇನ್ನೂ ಒಲೆಯ ಮೇಲೇ ಇತ್ತು.