ಹನ್ನೊಂದು ಸೆಕೆಂಡು

ಕುಶಾಲನಗರ, ಕೂಡಿಗೆ ರಸ್ತೆ, ಕ್ಯೂರಿಂಗ್ ವರ್ಕ್ಸಿನ ಗೇಟು.
ಫೆಬ್ರವರಿ. ರೋಬಸ್ಟಾ ಚೆರಿಯ ಮೂಟೆ ಹೊತ್ತ ಪಿಕಪ್ಪುಗಳು
ಪೆಟ್ರೋಲ್ ಬಂಕಿನವರೆಗೂ ಸಾಲು.
ಒಂದು ತೂಕದ ಚೀಟಿಗೆ ಹನ್ನೊಂದು ಸೆಕೆಂಡು.
ಪ್ರೋಗ್ರಾಮು ನನ್ನದು. ಬೈಗುಳವೂ.

ಕಾರಣ ಎಲ್ಲರಿಗೂ ಗೊತ್ತಿತ್ತು.
ಮ್ಯಾನೇಜರ್ ಬೆಳ್ಳಿಯಪ್ಪ: ನೆಟ್‌ವರ್ಕು.
ಅಕೌಂಟ್ಸಿನ ಜಾನೆಟ್: ಹಳೇ ಪ್ರಿಂಟರು.
ಪಿಕಪ್ಪಿನ ಹುಡುಗರು: ಒಳಗೆ ಕೂತಿರುವ ಆ ಹೆಂಗಸು.
ನನಗೂ ಗೊತ್ತಿತ್ತು, ಡೇಟಾಬೇಸು.
ಎರಡು ರಾತ್ರಿ ಅದನ್ನೇ ತಿದ್ದಿದೆ.
ಹನ್ನೊಂದು, ಹನ್ನೊಂದೇ.

ಮೂರನೆಯ ರಾತ್ರಿ ಊಹೆಗೆ ಚಿಲಕ ಹಾಕಿ
ಪ್ರೊಫೈಲರ್ ತೆರೆದೆ.
ಅದು ಪತ್ತೇದಾರನಲ್ಲ, ಅಂಥ ಬುದ್ಧಿಯೂ ಇಲ್ಲ.
ಕೊಯ್ಲಿನ ಮೇಸ್ತ್ರಿಯ ಹಾಗೆ
ಸಾಲಿನ ತುದಿಯಲ್ಲಿ ಆಗಾಗ ತಲೆ ಹಾಕುತ್ತದೆ,
ಸೆಕೆಂಡಿಗೆ ನೂರು ಸಲ:
ಈಗ ಎಲ್ಲಿದ್ದೀ? ಇಲ್ಲಿಗೆ ಯಾರು ಕರೆದರು? ಅವರನ್ನು ಯಾರು?
ಒಂದು ಗೀಟೆಳೆದು ಮುಂದೆ ಹೋಗುತ್ತದೆ.
ಎರಡು ನೋಟಗಳ ನಡುವೆ ನಡೆದದ್ದು ಅದಕ್ಕೆ ತಿಳಿಯದು,
ತಿಳಿದಂತೆ ನಟಿಸುವುದೂ ಇಲ್ಲ.
ಗಿಡಕ್ಕೊಬ್ಬ ಮೇಸ್ತ್ರಿಯನ್ನಿಟ್ಟರೆ ಆಯಿತಲ್ಲ ಅನ್ನಬೇಡಿ,
ಆಗ ಕೊಯ್ಲೇ ಕುಂಟುತ್ತದೆ.

ಗೀಟುಗಳು ಕೂಡಿ ಚಿತ್ರವಾದವು:
ಕಿತ್ತಳೆ, ಹಳದಿ, ಒಲೆಯ ಬಾಯಿಯ ಕೆಂಪು.
ಮೊದಲು ಕಣ್ಣು ಹತ್ತಿದ್ದು ಒಂದು ಸಪೂರ ಗೋಪುರವನ್ನು,
ಮೂವತ್ತು ಮೆಟ್ಟಿಲು.
ಎತ್ತರ ಮೋಸ. ಯಾರ ಹೆಗಲ ಮೇಲೆ ಯಾರು ನಿಂತರು
ಅಷ್ಟನ್ನೇ ಅದು ಹೇಳುವುದು.
ಸಿಲ್ವರ್ ಓಕು ಎಷ್ಟೇ ಬೆಳೆಯಲಿ, ತೋಟವನ್ನು
ಕತ್ತಲು ಮಾಡುವುದು ಹಲಸು.
ಅಗಲ ನೋಡಬೇಕು.

ಅಗಲದ್ದೊಂದಿತ್ತು. ನೂರಕ್ಕೆ ಎಂಬತ್ತೊಂದು.
ಇಡೀ ಪರದೆಗೆ ಕಾಲು ಚಾಚಿ ಮಲಗಿತ್ತು.
ಮೌಸು ಇಟ್ಟೆ. ಹೆಸರು ಹೇಳಿತು.
ನಾನೇ ಇಟ್ಟ ಹೆಸರು.

ಆರು ವರ್ಷದ ಹಿಂದೆ, ಒಂದು ಭಾನುವಾರ, ಅಕ್ಕರೆಯಿಂದ ಬರೆದದ್ದು:
ಮನೆಹೆಸರಿನ ಕೊನೆಯ ‘ಇರ’ ಹ್ರಸ್ವವೋ ದೀರ್ಘವೋ,
‘ಅಂಡ’ವನ್ನು ಗುಮಾಸ್ತ ‘ಅಡ’ ಎಂದು ನುಂಗಿದನೋ,
ಹೇಗೆ ಬರೆದರೂ ಬೆಳೆಗಾರನ ಕಾಫಿ
ಅವನ ಖಾತೆಗೇ ಸೇರಲಿ ಎಂದು.
ಆಗ ನೂರಿಪ್ಪತ್ತು ಮನೆ. ಈಗ ನಾಲ್ಕು ಸಾವಿರ.
ನಾಲ್ಕು ಸಾವಿರ ಬಾಗಿಲು ತಟ್ಟಿ ‘ನೀವೇನಾ?’ ಎಂದು ಕೇಳಿ
ಬರುತ್ತಿತ್ತು ಪಾಪ,
ಮೂಟೆಗೊಮ್ಮೆ.
ಚೀಟಿಗೊಮ್ಮೆಯೂ ಅಲ್ಲ, ಮೂಟೆಗೊಮ್ಮೆ!

ಏಳು ಸಾಲು ಬದಲಿಸಿದೆ: ಒಮ್ಮೆ ಕೇಳು, ನೆನಪಿಟ್ಟುಕೋ.
ಮತ್ತೆ ಅಳೆದೆ. ಎರಡು ಸೆಕೆಂಡು.
‘ನೆಟ್‌ವರ್ಕು ಸರಿಯಾಯಿತು ನೋಡಿ’ ಎಂದರು ಬೆಳ್ಳಿಯಪ್ಪ.

ಹತ್ತು ಗಂಟೆಗೆ ಕಾಟಾದ ಮೊಯ್ದು ಬಾಗಿಲಲ್ಲಿ ನಿಂತ.
‘ಮೇಡಂ, ಹೊರಗೆ ಜಗಳ.’
ತೇವದ ಮೀಟರಿನ ಅಂಕಿ ನೆಲೆ ನಿಲ್ಲಲು ಹತ್ತು ಸೆಕೆಂಡು ಬೇಕಂತೆ.
ಈಗ ಹನ್ನೆರಡೂವರೆ ಎಂದು ಅಚ್ಚಾದ ಮೇಲೆ
ಅಂಕಿ ಹನ್ನೊಂದಕ್ಕೆ ಇಳಿಯುತ್ತದೆ,
ಇಳಿಯುವುದನ್ನು ಬೆಳೆಗಾರ ನೋಡುತ್ತ ನಿಂತಿರುತ್ತಾನೆ.
ಮೀಟರು ಬಂದು ಎರಡು ವರ್ಷ. ಅಷ್ಟೂ ದಿನ
ನನ್ನ ತಪ್ಪಿನ ನೆರಳಲ್ಲಿ ಅದು ದಣಿವಾರಿಸಿಕೊಂಡು
ನಿಜ ಹೇಳುತ್ತಿತ್ತು.

ನಿಂತೆ ಎಂದು ಹೇಳುವ ಬಾಯಿ ಆ ಅಗ್ಗದ ಯಂತ್ರಕ್ಕಿಲ್ಲ.
ಎಂಟನೆಯ ಸಾಲು ಬರೆದೆ: ಒಂಬತ್ತು ಸೆಕೆಂಡು ಮಲಗು.
ಪಕ್ಕದಲ್ಲೊಂದು ಟಿಪ್ಪಣಿ:
ಮೊಯ್ದುವನ್ನು ಕೇಳದೆ ಇದನ್ನು ಅಳಿಸಬಾರದು.

ಸಂಜೆ ಮತ್ತೆ ಪ್ರೊಫೈಲರ್ ಹಚ್ಚಿದೆ.
ಪುಟ್ಟ ಜ್ವಾಲೆ, ಅಚ್ಚುಕಟ್ಟು. ಒಂಬತ್ತು ಸೆಕೆಂಡು ಎಲ್ಲೂ ಇಲ್ಲ.
ದುಡಿಯುವುದನ್ನಷ್ಟೇ ಎಣಿಸುವಂತೆ ಹೇಳಿದ್ದೆ ಅದಕ್ಕೆ;
ಕಾಯುವುದು ಆ ಚಿತ್ರದಲ್ಲಿ ಬರುವುದಿಲ್ಲ.
ಕಿಟಕಿಯಲ್ಲಿ ಬರುತ್ತದೆ:
ಪೆಟ್ರೋಲ್ ಬಂಕಿನವರೆಗೂ, ಒಂದೊಂದಾಗಿ,
ಹೆಡ್‌ಲೈಟು ಹಚ್ಚುತ್ತಿದ್ದರು.