ಷರಾ

ಮೊದಲು ಹೆಸರು ಕೇಳಿತು. ಆಮೇಲೆ ವಿಭಾಗ.
ಆಮೇಲೆ ದತ್ತಾಂಶಕ್ಕೊಂದು ಶೀರ್ಷಿಕೆ, ಇನ್ನೂರು ಅಕ್ಷರದೊಳಗೆ.
'ಕಾಳಿ ಅಳಿವೆಯ ಬಳಚು: ಹನ್ನೊಂದು ವರ್ಷದ ಎಣಿಕೆ'
ಎಂದು ಹೊಡೆದೆ. ಕಾಲು ಭಾಗವೂ ತುಂಬಲಿಲ್ಲ.

ಕೋಡಿಬಾಗದ ಈ ಕೋಣೆಯ ಕಿಟಕಿಯಲ್ಲಿ ಸಂಜೆಯ ಸುಕತಿ.
ನೀರು ಹಿಂದೆ ಸರಿದು ಕೆಸರು ಹೊಳೆಯುತ್ತಿದೆ
ಈಗಷ್ಟೇ ಒರೆಸಿದ ಪಾಟಿಯ ಹಾಗೆ.
ಮೇಜಿನ ಮೇಲೆ ಹದಿನೇಳು ನೋಟುಬುಕ್ಕು.
ಒಂದು ಉಪ್ಪುನೀರು ಕುಡಿದು ಹೊಟ್ಟೆ ಉಬ್ಬಿಸಿಕೊಂಡಿದೆ.
ಯೋಜನೆ ಮುಗಿಯಲು ಒಂಬತ್ತು ದಿನ. ಅಷ್ಟರೊಳಗೆ ಎಲ್ಲ
ವಿಶ್ವವಿದ್ಯಾಲಯದ ಡಿಜಿಟಲ್ ಭಂಡಾರ ಸೇರಬೇಕು.

ಗ್ರಂಥಾಲಯದ ದಾಮುದಿ ತಾಳ್ಮೆಯ ಮನುಷ್ಯ. ಫೋನಿನಲ್ಲಿ ಹೇಳಿದರು:
"ಖಾಲಿ ಬಿಡಬೇಡಿ ಮೇಡಂ, ಖಾಲಿ ಅಂದರೆ ಯಂತ್ರಕ್ಕೆ ತಿಳಿಯೋದಿಲ್ಲ.
ಅಳತೆ ಇಲ್ಲದ ಕಡೆ
ಮೈನಸ್ ಒಂಬೈನೂರ ತೊಂಬತ್ತೊಂಬತ್ತು ಹಾಕಿ."

ಹಾಕಿದೆ.
ದೋಣಿ ಸಿಗದ ದಿನಕ್ಕೆ.
ಕದ್ರಾದ ಗೇಟು ತೆರೆದು ಹೊಳೆ ಸಿಹಿಯಾಗಿ, ಕೆಂಪಾಗಿ,
ಬಳಚೆಲ್ಲ ಬಾಯಿ ಬಿಟ್ಟು ಸತ್ತ ವಾರಕ್ಕೆ
(ಆ ವಾರ ನನ್ನ ಮೀಟರೂ ಕೊಚ್ಚಿ ಹೋಯಿತು).
ಶೇವಂತಿ ಮಗಳ ಬಾಣಂತನಕ್ಕೆಂದು ಅಂಕೋಲೆಗೆ ಹೋಗಿ
ನನಗೆ ತಿಟ್ಟು ತೋರಿಸುವವರೇ ಇಲ್ಲದ ಹದಿನೈದು ದಿನಕ್ಕೆ.
ಎಲ್ಲಕ್ಕೂ ಅದೇ ಅಂಕಿ.

"ಈ ಕೊನೆಯ ಕಾಲಂ ಏನು, ಷರಾ?"
ಮಾತು, ಎಂದೆ.
"ತೆಗೆದರೆ ಒಳ್ಳೇದು. ಸೋಸಲಿಕ್ಕೆ ಬರೋದಿಲ್ಲ."

ತೆಗೆಯುವ ಮುಂಚೆ ಓದಿದೆ.
'ಶೇವಂತಿ ಅಂಗಾಲಿನಲ್ಲೇ ತಡವಿ ಹೇಳಿದಳು, ಇಲ್ಲಿ ಮರಿ ಇದೆ, ತುಳೀಬೇಡ.'
'ಅವಳ ಲೆಕ್ಕ: ಚಾಪೆ ಹಾಸುವಷ್ಟು ಜಾಗಕ್ಕೆ ಎರಡು ಬುಟ್ಟಿ.
ನನ್ನ ಲೆಕ್ಕ: ಚದರ ಮೀಟರಿಗೆ ಇನ್ನೂರ ಹನ್ನೆರಡು.'
'ನೀರನ್ನು ನಾಲಿಗೆಗೆ ಹಚ್ಚಿ ಹದಿನೆಂಟು ಎಂದಳು. ಮೀಟರು ಹದಿನೇಳೂವರೆ.
ಮೀಟರು ಬದಲಿಸಬೇಕು.'
'ನಾಲ್ಕನೇ ನಿಲ್ದಾಣ: ಹಳೆ ಸೇತುವೆಯ ಕಂಬದ ನೆರಳು ಬೀಳುವಲ್ಲಿ.'
ಸೇತುವೆ ಬಿದ್ದಿದೆ. ನೆರಳಿನ ವಿಳಾಸ ಮಾತ್ರ ಉಳಿದಿದೆ, ನನ್ನ ಅಕ್ಷರದಲ್ಲಿ.

ಕೊಡುಗೆದಾರರು: ಶೇವಂತಿ ಅಂಬಿಗ.
ಸಂಸ್ಥೆ? ಕೆಂಪು ಚುಕ್ಕಿ, ಕಡ್ಡಾಯ.
'ಸುಂಕೇರಿ' ಎಂದೆ. ಒಪ್ಪಲಿಲ್ಲ. ಪಟ್ಟಿಯಿಂದ ಆರಿಸಬೇಕಂತೆ.
ಪಟ್ಟಿಯ ತಳದಲ್ಲಿ 'ಇತರೆ' ಇತ್ತು,
ಅಲ್ಲಿ ಕೂರಿಸಿದೆ, ಬಸ್ಸಿನ ಕೊನೆ ಸೀಟಿನಲ್ಲಿ ಕೂರಿಸಿದಂತೆ.

ಆಮೇಲೆ ಪರವಾನಗಿ.
ಯಾರು ಬೇಕಾದರೂ ಬಳಸಬಹುದು, ಹೆಸರು ಹೇಳಿದರೆ ಸಾಕು.
ನನಗೆ ಇದು ಒಪ್ಪಿಗೆಯೇ. ಊರಿನ ದುಡ್ಡಲ್ಲಿ ಎಣಿಸಿದ್ದು
ಊರಿಗೇ ಸಿಗಬೇಕು.
ಬೆರಳು ಗುಂಡಿಯ ಮೇಲಿತ್ತು.

"ಜಾಗ ಮಾತ್ರ ಬರೀಬೇಡ ತಂಗಿ.
ಗೊತ್ತಾದ್ರೆ ಮಶಿನ್ ದೋಣಿ ತರ್ತಾರೆ,
ಮರಿ ಸಮೇತ ಬಾಚ್ಕೊಂಡು ಹೋಗ್ತಾರೆ."
ಹನ್ನೊಂದು ವರ್ಷದ ಹಿಂದೆ, ಮೊಣಕಾಲು ಕೆಸರಿನಲ್ಲಿ,
ಹ್ಞೂಂ ಅಂದಿದ್ದೆ.
ಅಂದು, ಬರೆದೂ ಇದ್ದೆ:
ಅಕ್ಷಾಂಶ ರೇಖಾಂಶ, ದಶಮಾಂಶದ ಆಚೆ ಐದು ಮನೆ.
ಐದು ಮನೆ ಅಂದರೆ ಒಂದು ಮಾರು ದೂರ.
ಕಣ್ಣು ಕಟ್ಟಿಕೊಂಡವನೂ ಬಂದು ತಲುಪುತ್ತಾನೆ.

ಮೂರು ಅಂಕಿ ಅಳಿಸಿದೆ. ಎಲ್ಲ ಸಾಲಿನಲ್ಲೂ.
ಮರಿಗಳ ತಿಟ್ಟು ಮೆಲ್ಲಗೆ ಕರಗಿ
ಕಿಲೋಮೀಟರಗಲದ ಮಬ್ಬಾಯಿತು:
ಅರ್ಧ ಹೊಳೆ, ಒಂದಿಷ್ಟು ಕಾಂಡ್ಲಾ, ಒಂದು ಶಾಲೆ,
ಹೆದ್ದಾರಿಯ ತುಂಡು, ಯಾರದೋ ಒಣಹಾಕಿದ ಬಲೆ.

ವಿವರಣೆಯ ಪೆಟ್ಟಿಗೆಯಲ್ಲಿ ಬರೆದೆ, ಮೂರು ಸಲ ತಿದ್ದಿ:
'ಸ್ಥಳಾಂಕಗಳನ್ನು ಬೇಕೆಂದೇ ಮಸುಕಾಗಿಸಿದೆ.
ಸರಿಯಾದ ಜಾಗ ಕೊಡುಗೆದಾರರಲ್ಲಿ ಒಬ್ಬರಿಗೆ ಗೊತ್ತು.
ಅವರಿಗೆ ಇಮೇಲ್ ಇಲ್ಲ.'
ಷರಾ ಅಳಿಸಲಿಲ್ಲ. ಬೇರೆ ಕಡತ ಮಾಡಿ,
ಜಾಗದ ಸುಳಿವು ಕೊಡುವ ಸಾಲುಗಳನ್ನು ಬಿಟ್ಟು, ಜೊತೆಗಿಟ್ಟೆ.
ಯಂತ್ರಕ್ಕೆ ಬೇಡದಿದ್ದರೆ ಬೇಡ, ಓದುವವರೂ ಇರುತ್ತಾರೆ.

ನೀಲಿ ಪಟ್ಟಿ ತೆವಳಿತು. ತೊಂಬತ್ತೆರಡರಲ್ಲಿ ಕರೆಂಟು ಹೋಯಿತು.
ಮತ್ತೆ ಮೊದಲಿಂದ.

ಕೊನೆಗೊಂದು ಶಾಶ್ವತ ಸಂಖ್ಯೆ ಬಂತು, ರೈಲಿನಷ್ಟುದ್ದ.
ಶೇವಂತಿಗೆ ಫೋನು ಹಚ್ಚಿ ಓದಿ ಹೇಳಿದೆ.
ಆ ಕಡೆ ಚಿಪ್ಪು ಬಿಡಿಸುವ ಸದ್ದು, ನಿಲ್ಲಲಿಲ್ಲ.
"ಒಟ್ಟು ಎಷ್ಟಾಯ್ತು?" ಎಂದಳು.
ಸಾವಿರದ ನೂರ ಎಂಬತ್ತು ಸಾಲು, ಎಂದೆ.
"ಅದು ಹೌದು. ಬುಟ್ಟಿ ಲೆಕ್ಕದಲ್ಲಿ ಹೇಳು."